ಒಪ್ಪಿಗೆ ಇತ್ತು ಅಂತ ಆರೋಪಿಯೇ ಸಾಬೀತು ಮಾಡಬೇಕಾ?

ದಾರಿಹೋಕ:
ಸ್ವೀಡನ್ 2018ರಲ್ಲಿ ಅತ್ಯಾಚಾರದ ಕಾನೂನು ಬದಲಿಸಿತು. ಹೊಡೆತ, ಬೆದರಿಕೆ ಏನೂ ಇರಬೇಕಿಲ್ಲ, ಎದುರಿನವರು ಇಷ್ಟಪಟ್ಟು ಭಾಗಿಯಾಗಿರಲಿಲ್ಲ ಅಂದರೆ ಸಾಕು, ಅದು ಅಪರಾಧ. ಸ್ಪೇನ್, ಡೆನ್ಮಾರ್ಕ್ ಕೂಡ ಆಮೇಲೆ ಇದೇ ದಾರಿ ಹಿಡಿದವು. ಉದ್ದೇಶ ಸರಿಯೇ ಇದೆ. ಆದರೆ ಕೋಣೆಯಲ್ಲಿ ಇದ್ದದ್ದು ಇಬ್ಬರೇ. ಒಪ್ಪಿಗೆ ಇತ್ತು ಅಂತ ಆರೋಪಿ ಹೇಗೆ ತೋರಿಸಬೇಕು? ತಪ್ಪು ಸಾಬೀತಾಗುವವರೆಗೆ ನಿರಪರಾಧಿ ಅನ್ನುವ ಮಾತಿಗೆ ಬೆಲೆ ಉಳಿಯುತ್ತಾ? ಜಗಳಕ್ಕೆ ಕೇಳುತ್ತಿಲ್ಲ, ತಿಳಿದವರು ಹೇಳಿ.

ಕಪ್ಪುಕೋಟು:
ಯಾವುದು ಅಪರಾಧ ಅನ್ನೋದು ಒಂದು ಪ್ರಶ್ನೆ. ಅದನ್ನು ಯಾರು ಸಾಬೀತು ಮಾಡಬೇಕು ಅನ್ನೋದು ಬೇರೆಯೇ ಪ್ರಶ್ನೆ. ಸ್ವೀಡನ್ ಬದಲಿಸಿದ್ದು ಮೊದಲನೆಯದನ್ನು ಮಾತ್ರ. ಒಪ್ಪಿಗೆ ಇರಲಿಲ್ಲ ಅಂತ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕಾದ್ದು ಅಲ್ಲೂ ಪ್ರಾಸಿಕ್ಯೂಷನ್ನೇ. ಕೆನಡಾ ನೋಡಿ. ಬಾಯಿಬಿಟ್ಟು ಬೇಡ ಅಂದಮೇಲೂ, ನಡವಳಿಕೆ ನೋಡಿದರೆ ಒಪ್ಪಿದಂತಿತ್ತು ಅನ್ನುವ ವಾದವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1999ರಲ್ಲಿ ಪೂರ್ತಿ ತಳ್ಳಿಹಾಕಿತು. ಒಪ್ಪಿದ್ದಾಳೆ ಅಂದುಕೊಂಡೆ ಅಂತ ಆರೋಪಿ ಈಗಲೂ ಹೇಳಬಹುದು, ಆದರೆ ಅದನ್ನು ಖಚಿತ ಮಾಡಿಕೊಳ್ಳಲು ಏನು ಮಾಡಿದೆ ಅನ್ನುವ ಪ್ರಶ್ನೆ ಏಳುತ್ತದೆ. ಅದು ನ್ಯಾಯವಾದ ಪ್ರಶ್ನೆ ಅಂತಲೇ ನನ್ನ ಅಭಿಪ್ರಾಯ.

ನೀಲಿಶಾಯಿ:
ಸಾಬೀತು ಮಾಡುವ ಹೊಣೆ ಎಲ್ಲೂ ಆರೋಪಿ ಮೇಲೆ ಜಾರಿಲ್ಲ ಅನ್ನೋದಾದರೆ ಅದನ್ನ ನಾನು ಒಪ್ಪಲ್ಲ. ಭಾರತದಲ್ಲೇ ಜಾರಿದೆ. ಪೊಲೀಸ್ ಠಾಣೆಯೊಳಗೆ ಹುಡುಗಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಕೇಸಿನಲ್ಲಿ, ಮೈಮೇಲೆ ಗಾಯ ಇಲ್ಲ, ಪ್ರತಿರೋಧ ಕಾಣಲ್ಲ ಅಂತ ಸುಪ್ರೀಂ ಕೋರ್ಟ್ 1978ರಲ್ಲಿ ಪೊಲೀಸರನ್ನು ಬಿಟ್ಟುಬಿಟ್ಟಿತು. ಉಪೇಂದ್ರ ಬಕ್ಷಿ ಸೇರಿ ನಾಲ್ವರು ಕಾನೂನು ಪ್ರಾಧ್ಯಾಪಕರು ಮರುವರ್ಷ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು, ದೇಶದಲ್ಲಿ ಚಳವಳಿಯೇ ಎದ್ದಿತು. 1983ರಲ್ಲಿ ಸಾಕ್ಷ್ಯ ಕಾಯ್ದೆಗೆ 114ಎ ಅನ್ನುವ ಕಲಮು ಸೇರಿತು. ವಶದಲ್ಲಿದ್ದಾಗಿನ ಅತ್ಯಾಚಾರದಂಥ ಕೇಸುಗಳಲ್ಲಿ ಸಂಭೋಗ ನಡೆದದ್ದು ಸಾಬೀತಾಗಿ, ನಾನು ಒಪ್ಪಿರಲಿಲ್ಲ ಅಂತ ಆಕೆ ಕೋರ್ಟಿನಲ್ಲಿ ಹೇಳಿದರೆ ಒಪ್ಪಿಗೆ ಇರಲಿಲ್ಲ ಅಂತಲೇ ಕೋರ್ಟು ಭಾವಿಸಬೇಕು. ಅಲ್ಲಲ್ಲ ಅಂತ ತೋರಿಸುವ ಭಾರ ಆರೋಪಿ ಮೇಲೆ. ಲಾಕಪ್ಪಿನ ಬೀಗ ಯಾರ ಕೈಯಲ್ಲಿತ್ತು ಅಂತ ಯೋಚಿಸಿದರೆ ಇದು ಸರಿಯೇ. ಆದರೆ ಇದೇ ನಿಯಮವನ್ನು ಎಲ್ಲ ಕೇಸಿಗೂ ಹಚ್ಚಿ ಅಂತ ಯಾರಾದರೂ ಕೇಳಿದರೆ ನಾನಂತೂ ವಿರೋಧಿಸುತ್ತೇನೆ.

ಕಪ್ಪುಕೋಟು:
ಒಪ್ಪಿದೆ. ಅದು ವಿಶೇಷ ಸಂದರ್ಭದ ನಿಯಮ, ಎಲ್ಲಕ್ಕೂ ಮಾದರಿ ಅಲ್ಲ.

ಬೆಳಗಿನಜಾವ:
ನ್ಯಾಯವಾದ ವಿಚಾರಣೆ ಅಂದ ಕೂಡಲೇ ಎಲ್ಲರೂ ಆರೋಪಿ ಬಗ್ಗೆಯೇ ಮಾತಾಡುತ್ತೀರಿ. ದೂರು ಕೊಟ್ಟವಳ ನಡತೆ ಸರಿ ಇರಲಿಲ್ಲ ಅಂತ ತೋರಿಸಿ ಅವಳ ಮಾತನ್ನು ಸುಳ್ಳು ಮಾಡಲು ನಮ್ಮ ಸಾಕ್ಷ್ಯ ಕಾಯ್ದೆಯಲ್ಲೇ ಅವಕಾಶ ಇತ್ತು. ಅದನ್ನು ತೆಗೆದದ್ದು 2002ರ ತಿದ್ದುಪಡಿಯಲ್ಲಿ, ಅಷ್ಟು ತಡವಾಗಿ! ಪಾಟೀ ಸವಾಲು ಇರಲೇಬೇಕು, ಆರೋಪಿಯ ಹಕ್ಕು ಅದು. ಆದರೆ ಆವತ್ತು ಏನಾಯಿತು ಅಂತ ಕೇಳಿ, ಹಿಂದೆ ಯಾರ ಜೊತೆ ಇದ್ದೆ ಅಂತಲ್ಲ.

ಇನ್ನೊಂದು ಮಾತು. ನಿರಪರಾಧಿಗೆ ಪೆಟ್ಟು ಬೀಳೋದು ಹೆಚ್ಚಾಗಿ ತನಿಖೆ ಕೆಟ್ಟಾಗ. ಇಂಗ್ಲೆಂಡಿನಲ್ಲಿ 2017ರಲ್ಲಿ ಒಂದು ಅತ್ಯಾಚಾರದ ಕೇಸು ವಿಚಾರಣೆ ನಡುವೆಯೇ ಬಿದ್ದುಹೋಯಿತು. ಆರೋಪಿಗೆ ಅನುಕೂಲವಾಗುವ ಫೋನ್ ಮೆಸೇಜುಗಳು ಪೊಲೀಸರ ಹತ್ತಿರವೇ ಇದ್ದವು, ಅವನ ವಕೀಲರಿಗೆ ಕೊಟ್ಟಿರಲಿಲ್ಲ. ಇದಕ್ಕೂ ಒಪ್ಪಿಗೆಯ ವ್ಯಾಖ್ಯಾನಕ್ಕೂ ಏನು ಸಂಬಂಧ?

ದಾರಿಹೋಕ:
ಈ ಇಂಗ್ಲೆಂಡಿನ ವಿಷಯ ಗೊತ್ತಿರಲಿಲ್ಲ. ಹಾಗಾದರೆ ಪೊಲೀಸರು ಸಂಗ್ರಹಿಸಿದ್ದೆಲ್ಲ ಆರೋಪಿಗೆ ಸಿಗಲೇಬೇಕಾ? ಆಕೆಯ ಫೋನಿನಲ್ಲಿ ಕೇಸಿಗೆ ಸಂಬಂಧವೇ ಇಲ್ಲದ ಖಾಸಗಿ ವಿಷಯ ಎಷ್ಟೋ ಇರುತ್ತದಲ್ವಾ?

ಕಪ್ಪುಕೋಟು:
ಇರುತ್ತದೆ. ಅದಕ್ಕೇ ಇಡೀ ಫೋನ್ ಕೊಡಬಾರದು. ಆರೋಪಿಯ ವಾದಕ್ಕೆ ನೆರವಾಗುವುದನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಿಡಬಾರದು. ಯಾವುದು ಸಂಬಂಧಪಟ್ಟದ್ದು ಅನ್ನುವ ತಕರಾರು ಬಂದರೆ ನ್ಯಾಯಾಧೀಶರು ನೋಡಿ ತೀರ್ಮಾನಿಸಲಿ, ಪೊಲೀಸರ ಇಷ್ಟಕ್ಕೆ ಬಿಡುವ ವಿಷಯ ಅಲ್ಲ ಅದು.