ಹನ್ನೆರಡು ಅಡಿ ದೋಣಿಗೆ ಎಷ್ಟು ಪೌಂಡಿನ ಟ್ರೋಲಿಂಗ್ ಮೋಟಾರ್?

ಕೇಳಿದವರು: 12 ಅಡಿಯ ಫೈಬರ್ ದೋಣಿ, ಹಿಂಬದಿ ಚಪ್ಪಟೆ. ಇಬ್ಬರು ಕೂತು ಗಾಳ ಹಾಕುವುದು. ಹೆಚ್ಚಾಗಿ ಗಂಗೊಳ್ಳಿ ಹೊಳೆಯ ಒಳಗಡೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬದಿಯಲ್ಲಿ. ವರ್ಷಕ್ಕೆ ಒಂದೆರಡು ಸಲ ಘಟ್ಟದ ಮೇಲಿನ ಹಿನ್ನೀರಿಗೂ ಒಯ್ಯುತ್ತೇವೆ. ಗಾಳ ಎಳೆಯುತ್ತಾ ನಿಧಾನ ಹೋಗಲು ಸದ್ದಿಲ್ಲದ ಇಲೆಕ್ಟ್ರಿಕ್ (ಟ್ರೋಲಿಂಗ್) ಮೋಟಾರೇ ಬೇಕು. 36 ಪೌಂಡು ತಳ್ಳುವ ಬಲದ್ದು ಅಗ್ಗಕ್ಕೆ ಸಿಗುತ್ತಿದೆ. 55, 86 ಅಂತಲೂ ಇವೆ. ಯಾವುದು ಸಾಕು? ಮನೆಯ ಇನ್ವರ್ಟರಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ನಡೆಯುತ್ತದಾ?

ಕುಂದಾಪುರ ಕಡೆಯಿಂದ, ಫೈಬರ್ ದೋಣಿ ಕೆಲಸದವರು: ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ ಮಾರಾಯ್ರೆ. ನಮ್ಮ ಕರಾವಳಿಯ ಅಂಗಡಿಯಲ್ಲಿ ‘ಟ್ರೋಲಿಂಗ್’ ಅಂದರೆ ಬಲೆ ಎಳೆಯುವ ಟ್ರಾಲ್ ಬೋಟು ಅಂದುಕೊಳ್ಳುತ್ತಾರೆ. ‘ಬ್ಯಾಟರಿ ಮೋಟಾರ್’ ಅಂತಲೇ ಕೇಳಿ.

ಇನ್ನು ಲೆಕ್ಕ. ದೋಣಿ, ಜನ, ಬ್ಯಾಟರಿ, ಸಾಮಾನು ಎಲ್ಲ ಕೂಡಿಸಿದ ತೂಕದ ನೂರಕ್ಕೆ ಎರಡು ಪಾಲು ತಳ್ಳುವ ಬಲ ಬೇಕು ಅನ್ನುವುದು ರೂಢಿಯ ಸೂತ್ರ. ಪೌಂಡಾದರೂ ಕಿಲೋ ಆದರೂ ಅನುಪಾತ ಅದೇ. ನಿಮ್ಮದು ದೋಣಿ 110, ಇಬ್ಬರು 140, ಉಳಿದದ್ದು 50 ಅಂತಿಟ್ಟರೆ 300 ಕಿಲೋ. ಅದಕ್ಕೆ 6 ಕಿಲೋ ಬಲ, ಅಂದರೆ 13 ಪೌಂಡು ಚಿಲ್ಲರೆ. ಹಾಗಾದರೆ 36 ಧಾರಾಳ ಆಯ್ತಲ್ಲ ಅನ್ನಿಸುತ್ತದೆ. ಆದರೆ ಆ ಸೂತ್ರ ನಿಂತ ನೀರಿನದ್ದು. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದ್ದು, ಇಳಿತದ ಸೆಳವೂ ಸೇರಿದರೆ ಮೂರ್ನಾಲ್ಕು ಪಟ್ಟು ಕೈಯಲ್ಲಿರಬೇಕು. ನಿಮಗೆ 45ರಿಂದ 55ರ ನಡುವೆ. ಕೆರೆಗೆ ಮಾತ್ರ ಆಗಿದ್ದರೆ 36 ತೆಗೆದುಕೊಳ್ಳಿ ಅನ್ನುತ್ತಿದ್ದೆ.

86 ಬೇಡ. 12 ವೋಲ್ಟಿನ ಮೋಟಾರುಗಳು ಸಾಮಾನ್ಯವಾಗಿ 55ಕ್ಕೆ ಮುಗಿಯುತ್ತವೆ. 70 ದಾಟಿದರೆ ಬಹುತೇಕ 24 ವೋಲ್ಟು, ಅಂದರೆ ಎರಡು ಬ್ಯಾಟರಿಯ ಭಾರ. ಪೌಂಡು ಏರಿಸಿದ ಮಾತ್ರಕ್ಕೆ ದೋಣಿ ಓಡುವುದೂ ಇಲ್ಲ. ಈ ಮೋಟಾರಿನ ಫ್ಯಾನು ನಿಧಾನ ತಿರುಗಿ ತಳ್ಳುವ ಜಾತಿಯದ್ದು, ಗಂಟೆಗೆ 6–8 ಕಿ.ಮೀ. ಆಸುಪಾಸಿಗೆ ನಿಲ್ಲುತ್ತದೆ. ಹೆಚ್ಚಿನ ಪೌಂಡು ಗಾಳಿಗೆ ಎದುರು ನಿಲ್ಲಲಿಕ್ಕೆ, ಓಟಕ್ಕಲ್ಲ.

ಕಾರವಾರದಿಂದ: ಪೌಂಡಿಗಿಂತ ಮೊದಲು ದಂಡದ (ಮೋಟಾರಿನ ತಲೆಯಿಂದ ಫ್ಯಾನಿನವರೆಗಿನ ಕೊಳವೆಯ) ಉದ್ದ ನೋಡಿ. ತಪ್ಪಾಗುವುದು ಅಲ್ಲೇ. ದೋಣಿ ನೀರಿಗಿಳಿಸಿ, ಇಬ್ಬರೂ ಕೂತು, ಬ್ಯಾಟರಿಯ ಬದಲು ಅಷ್ಟೇ ತೂಕದ ಮರಳಿನ ಚೀಲ ಇಟ್ಟು, ಹಿಂಬದಿ ಹಲಗೆಯ ಮೇಲಂಚಿನಿಂದ ನೀರಿನ ಮಟ್ಟಕ್ಕೆ ಟೇಪು ಹಿಡಿಯಿರಿ. 10 ಇಂಚಿನೊಳಗಿದ್ದರೆ 30 ಇಂಚಿನ ದಂಡ, 10ರಿಂದ 16 ಇದ್ದರೆ 36, ಅದಕ್ಕೂ ಮೇಲೆ 42. ಫ್ಯಾನಿನ ರೆಕ್ಕೆ ನೀರಿನೊಳಗೆ ಆರು ಇಂಚಾದರೂ ಮುಳುಗಿರಬೇಕು. ಮೇಲಾದರೆ ಗಾಳಿ ಕುಡಿಯುತ್ತದೆ: ಮೋಟಾರು ‘ಗುಂಯ್’ ಅಂತ ಜೋರಾಗಿ ಕೂಗುತ್ತದೆ, ನೊರೆ ಏಳುತ್ತದೆ, ದೋಣಿ ಮಾತ್ರ ಇದ್ದಲ್ಲೇ. ಅತಿ ಉದ್ದವಾದರೆ ಇಳಿತದಲ್ಲಿ ಕೆಸರಿಗೆ, ಕಲ್ಲಿಗೆ ತಾಗುತ್ತದೆ. ಆದರೂ ಉದ್ದದ್ದನ್ನು ದಂಡ ಹಿಡಿದ ಕಾಲರ್ ಸಡಿಲಿಸಿ ಮೇಲೆತ್ತಿ ಕಟ್ಟಬಹುದು. ಗಿಡ್ಡದ್ದಕ್ಕೆ ಮದ್ದಿಲ್ಲ.

ಮೋಟಾರು ಕಚ್ಚಿಸುವ ಜಾಗದಲ್ಲಿ ಬರೀ ಫೈಬರ್ ಇದ್ದರೆ ಒಳಗಿನಿಂದ 18–20 ಮಿ.ಮೀ. ಮರೈನ್ ಪ್ಲೈ ಕೊಡಿ. ಇಲ್ಲದಿದ್ದರೆ ಕಚ್ಚಿಸುವ ಸ್ಕ್ರೂ ತಿರುಪಿದಂತೆಲ್ಲ ಫೈಬರ್ ಬಿರುಕು ಬಿಡುತ್ತದೆ. ಸ್ಕ್ರೂ ನಡುಕಕ್ಕೆ ಸಡಿಲವಾಗುವುದು ಖಂಡಿತ. ಮೋಟಾರಿಗೆ ಒಂದು ಹಗ್ಗ ಕಟ್ಟಿ ದೋಣಿಗೆ ಬಿಗಿಯಿರಿ. ಎರಡೂ ತುದಿ ಚೂಪಾದ ಪಾತಿ ದೋಣಿಯವರು ಪಕ್ಕದ ಅಂಚಿಗೆ ಬ್ರಾಕೆಟ್ ಹಾಕುತ್ತಾರೆ. ಹಾಕಬಹುದು, ಆದರೆ ದೋಣಿ ಸದಾ ಎದುರು ಬದಿಗೆ ತಿರುಗುತ್ತದೆ, ಹಿಡಿಕೆ ಓರೆ ಹಿಡಿದೇ ಹೋಗಬೇಕು.

ಶಿವಮೊಗ್ಗದಿಂದ, ಬ್ಯಾಟರಿ ವ್ಯಾಪಾರದವರು: ಇನ್ವರ್ಟರ್ ಬ್ಯಾಟರಿ ದೋಣಿಗೆ ಒಯ್ಯಬೇಡಿ. 150 ಎಎಚ್ ಟ್ಯೂಬುಲರ್ 50 ಕಿಲೋ ದಾಟುತ್ತದೆ, ವಾಲಿದರೆ ಮುಚ್ಚಳದಿಂದ ಆಸಿಡ್ ಚೆಲ್ಲುತ್ತದೆ. ಕಾರಿನ ಬ್ಯಾಟರಿಯೂ ಬೇಡ. ಅದು ಒಂದು ಕ್ಷಣ ಜೋರು ಕೊಡಲಿಕ್ಕೆ ಮಾಡಿದ್ದು, ಹತ್ತಾರು ಸಲ ಪೂರ್ತಿ ಇಳಿಸಿದರೆ ಮುಗಿಯಿತು.

ಎಎಚ್ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಲೆಡ್ ಬ್ಯಾಟರಿಯ ಮೇಲೆ ಸಿ20 ಅಂತಿದ್ದರೆ ಅದು 20 ಗಂಟೆ ನಿಧಾನ ಇಳಿಸಿದಾಗಿನ ಲೆಕ್ಕ, 100 ಎಎಚ್ ಆದರೆ ಎಳೆತ ಬರೀ 5 ಆಂಪಿಯರ್. 55 ಪೌಂಡಿನ ಮೋಟಾರು ಪೂರ್ತಿ ವೇಗದಲ್ಲಿ ಎಳೆಯುವುದು 50 ಆಂಪಿಯರ್. ಆ ಎಳೆತಕ್ಕೆ 100 ಎಎಚ್ ಇದ್ದದ್ದು 60–65ಕ್ಕೆ ಕುಗ್ಗುತ್ತದೆ. ಬಾಳಿಕೆ ಬೇಕೆಂದರೆ ಅದರಲ್ಲೂ ಅರ್ಧ ಮಾತ್ರ ಬಳಸಬೇಕು. ಪೂರ್ತಿ ವೇಗದಲ್ಲಿ ಮುಕ್ಕಾಲು ಗಂಟೆಯೂ ಸಿಗದು.

ಲಿಥಿಯಂ ಐರನ್ ಫಾಸ್ಫೇಟ್ 100 ಎಎಚ್ ಆದರೆ ತೂಕ 11–13 ಕಿಲೋ, ಪೂರ್ತಿ ವೇಗದಲ್ಲೂ ಒಂದೂಮುಕ್ಕಾಲು ಗಂಟೆ ಹತ್ತಿರ. ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟು) ಎಷ್ಟು ಆಂಪಿಯರಿನದ್ದು ಎಂದು ಕೇಳಿ. 50ರದ್ದು ಅಂಚಿನಲ್ಲಿರುತ್ತದೆ, 100ರದ್ದೇ ತೆಗೆದುಕೊಳ್ಳಿ. ಒಂದು ಕಿರಿಕಿರಿ ಇದೆ: ಲೆಡ್ ಬ್ಯಾಟರಿ ಸೋಲುತ್ತಾ ಸೋಲುತ್ತಾ ಸೂಚನೆ ಕೊಡುತ್ತದೆ, ಲಿಥಿಯಂ ಕೊನೆಯವರೆಗೂ ಚುರುಕಾಗಿದ್ದು ಪಟ್ಟನೆ ಕಡಿದುಹೋಗುತ್ತದೆ. ಮೀಟರು ಹಾಕಿಸಿ, ಹುಟ್ಟು ಮನೆಯಲ್ಲಿ ಬಿಡಬೇಡಿ. ಚಾರ್ಜರು 14.4–14.6 ವೋಲ್ಟಿನ ಲಿಥಿಯಂದೇ ಆಗಬೇಕು.

ವೈರು: ಮೂರು ಮೀಟರ್ ದೂರಕ್ಕೆ ಹೋಗಿ-ಬರುವುದು ಆರು ಮೀಟರ್ ತಾಮ್ರ. 16 ಚದರ ಮಿ.ಮೀ. ಹಾಕಿದರೆ 50 ಆಂಪಿಯರಿಗೆ ಮೂರನೇ ಒಂದು ವೋಲ್ಟ್ ನಷ್ಟ. 6 ಚದರ ಮಿ.ಮೀ. ಹಾಕಿದರೆ 0.9 ವೋಲ್ಟಿನ ಹತ್ತಿರ, ಜೊತೆಗೆ ವೈರು ಬಿಸಿ. 60 ಆಂಪಿಯರಿನ ಬ್ರೇಕರ್ ಪ್ಲಸ್ ವೈರಿನಲ್ಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಮೊಸಳೆಬಾಯಿ ಕ್ಲಿಪ್ಪು ಚಾರ್ಜಿಗೆ ಸರಿ, ಓಟಕ್ಕೆ ಬೇಡ. ಲಗ್ ಒತ್ತಿಸಿ ನಟ್ಟು ಬಿಗಿಯಿರಿ.

ಕೇಳಿದವರು: ಐದು ಗೇರಿನದ್ದಕ್ಕೂ ಗೇರಿಲ್ಲದೆ ತಿರುಗಿಸುವುದಕ್ಕೂ ಬೆಲೆಯಲ್ಲಿ ಬಹಳ ವ್ಯತ್ಯಾಸ ಇದೆ. ಕೊಡುವಷ್ಟು ಇದೆಯಾ?

ಅಮೆರಿಕದ ಮಿನೆಸೋಟದಿಂದ: ಇದೆ. ಹಂತ ಹಂತದ್ದರಲ್ಲಿ ಕಡಿಮೆ ವೇಗಕ್ಕೆ ತಂತಿ ಸುರುಳಿಯಲ್ಲಿ ಕರೆಂಟು ಬಿಸಿಯಾಗಿ ವ್ಯರ್ಥ. ಗೇರಿಲ್ಲದ್ದು ಪಿಡಬ್ಲ್ಯುಎಂ, ಕರೆಂಟನ್ನು ತುಂಡು ತುಂಡಾಗಿ ಬೇಕಾದಷ್ಟೇ ಬಿಡುತ್ತದೆ. ಗಾಳ ಎಳೆಯುತ್ತಾ ಹೋಗುವುದು ಇಡೀ ದಿನ ನಿಧಾನದಲ್ಲೇ ಆದ್ದರಿಂದ ಉಳಿತಾಯ ಅಲ್ಲೇ ಕಾಣುತ್ತದೆ.

ಇಲ್ಲಿಂದ ಯಾರಾದರೂ ತಂದುಕೊಡುತ್ತಾರೆ ಅಂತಿದ್ದರೆ ಎರಡು ಮಾತು. ಮಿನ್ ಕೋಟಾದಂಥ ಕಂಪನಿಗಳಲ್ಲಿ ಸಿಹಿನೀರಿನದ್ದೇ ಬೇರೆ, ಉಪ್ಪುನೀರಿನ ರಿಪ್ಟೈಡ್ ಸಾಲೇ ಬೇರೆ. ಸಿಹಿನೀರಿನ ಮಾದರಿಯನ್ನು ಉಪ್ಪುನೀರಿಗೆ, ಸಪ್ಪೆ-ಉಪ್ಪು ಬೆರೆತ ಅಳಿವೆ ನೀರಿಗೂ ಇಳಿಸಿದರೆ ವಾರಂಟಿ ಇಲ್ಲ. ಇಲ್ಲಿನ ಚಾರ್ಜರಿನಲ್ಲಿ ಬರೀ 120 ವೋಲ್ಟ್ ಅಂತ ಬರೆದಿದ್ದರೆ ಊರಿನ 230ಕ್ಕೆ ಸುಟ್ಟುಹೋಗುತ್ತದೆ. ಬ್ಯಾಟರಿ ತರಿಸುವ ಆಸೆ ಬಿಡಿ, 1280 ವ್ಯಾಟ್-ಅವರಿನ ಲಿಥಿಯಂ ಬ್ಯಾಟರಿಯನ್ನು ವಿಮಾನದ ಪ್ರಯಾಣಿಕರು ಒಯ್ಯುವಂತಿಲ್ಲ.

ಕಾರವಾರದಿಂದ: ಗಂಗೊಳ್ಳಿ ಅಂದಮೇಲೆ ಉಪ್ಪುನೀರಿನದ್ದೇ ತೆಗೆದುಕೊಳ್ಳಿ, ಸತು ಆನೋಡ್ ಇದೆಯೇ ನೋಡಿ. ಅದು ತಾನು ಸವೆದು ಮೋಟಾರಿನ ಲೋಹ ಉಳಿಸುವ ತುಂಡು. ಅರ್ಧ ಸವೆದರೆ ಬದಲಿಸಿ, ಪೇಂಟು ಮಾತ್ರ ಬಳಿಯಬೇಡಿ, ಬಳಿದರೆ ಕೆಲಸ ಮಾಡದು. ದಡಕ್ಕೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ. ಹಿಡಿಕೆ ಇರುವ ತಲೆಯ ಡಬ್ಬಿಗೆ ಪೈಪಿನಿಂದ ಜೋರು ನೀರು ಹೊಡೆಯಬೇಡಿ.

ಮೋಟಾರು ಕೆಡುವುದು ಹೆಚ್ಚಾಗಿ ಗಾಳದ ನೂಲಿನಿಂದ. ಕಡಿದ ನೂಲು ಫ್ಯಾನಿನ ಹಿಂದೆ ಸುತ್ತಿಕೊಂಡು ಸೀಲನ್ನು ಕೊರೆಯುತ್ತದೆ, ನೀರು ಒಳಗೆ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಪ್ರತಿ ಸಲ ಬಂದ ಮೇಲೆ ಬ್ಯಾಟರಿ ಬಿಡಿಸಿ, ನಟ್ಟು, ವಾಶರ್ ತೆಗೆದು, ಫ್ಯಾನನ್ನು ನೇರ ಎಳೆಯಿರಿ. ಒಳಗೆ ಅಡ್ಡಕ್ಕೆ ಒಂದು ಸಣ್ಣ ಪಿನ್ನು ಇರುತ್ತದೆ, ಅದು ಬೀಳದಂತೆ ಫ್ಯಾನು ಕೂರುವ ಸಣ್ಣ ದಂಡವನ್ನು ತಿರುಗಿಸಿ ಪಿನ್ನನ್ನು ನೆಲಕ್ಕೆ ಸಮನಾಗಿ ಮಾಡಿಕೊಳ್ಳಿ. ನೂಲಿದ್ದರೆ ಬ್ಲೇಡ್ ಹಾಕದೆ ಬೆರಳಲ್ಲೇ ಬಿಚ್ಚಿ. ಕಟ್ಟುವಾಗ ನಟ್ಟು ಕೂತ ಮೇಲೆ ಕಾಲು ಸುತ್ತು ಸಾಕು. ಕಲ್ಲಿಗೆ ತಾಗಿದರೆ ಮೊದಲು ಬಾಗುವುದು ಆ ಪಿನ್ನೇ. ಎರಡು ಹೆಚ್ಚುವರಿ ಪಿನ್ನು, ಒಂದು ನಟ್ಟು, ಸ್ಪ್ಯಾನರ್ ದೋಣಿಯಲ್ಲಿರಲಿ. ಹಿನ್ನೀರಿನಲ್ಲಿ ಅಂತರಗಂಗೆ ಇದ್ದರೆ ಕಳೆ ಸುತ್ತದ ಎರಡು ರೆಕ್ಕೆಯ ಫ್ಯಾನು ವಾಸಿ.

ಕುಂದಾಪುರ ಕಡೆಯಿಂದ: ಮೊದಲ ದಿನ ಅಳಿವೆ ಕಡೆ ಹೋಗಬೇಡಿ. ಇಳಿತವಿದ್ದಾಗ ಮೇಲ್ಹೊಳೆಗೆ ಹೋಗಿ. ಬ್ಯಾಟರಿ ಸೋತರೂ ಸೆಳವು ಮನೆ ಕಡೆಗೇ ತರುತ್ತದೆ. ಆಗ ದೋಣಿ ಕಟ್ಟುವ ಜಾಗ ದಾಟಿ ಅಳಿವೆಗೆ ತೇಲಿಹೋಗದಂತೆ ನಾಲ್ಕು ಕಿಲೋ ಲಂಗರು, 20 ಮೀಟರ್ ಹಗ್ಗ ಮುಂದಿನ ತುದಿಯಲ್ಲಿ ಸಿದ್ಧ ಇರಲಿ.