ಎಸಿ ತಂಪು ಕೊಡುತ್ತಿಲ್ಲ: ಗ್ಯಾಸ್ ತುಂಬಿಸಬೇಕಾ, ಫಿಲ್ಟರ್ ತೊಳೆದರೆ ಸಾಕಾ?

ಬಿಜೈ ಬಾಡಿಗೆ ಮನೆ:

ಎಲ್ಲರಿಗೂ ನಮಸ್ಕಾರ. ನಾವು ಮಂಗಳೂರು ಬಿಜೈಯಲ್ಲಿ ಒಂದು ಬಾಡಿಗೆ ಫ್ಲಾಟಿಗೆ ಈಚೆಗೆ ಬಂದವರು. ಬೆಡ್‌ರೂಮಿನಲ್ಲಿ ಮನೆ ಮಾಲೀಕರದ್ದೇ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಇದೆ. ನಮ್ಮೂರಿನ ಏಪ್ರಿಲ್ ಸೆಕೆ ನಿಮಗೆ ಗೊತ್ತೇ ಇದೆ. ಫ್ಯಾನಿನಡಿ ಮಲಗಿದರೂ ದಿಂಬು ಒದ್ದೆಯಾಗುತ್ತದೆ. ಹಾಗಾಗಿ ರಾತ್ರಿ ಎಸಿ ಇಲ್ಲದೆ ಆಗುವುದಿಲ್ಲ.

ಸಮಸ್ಯೆ ಎಂತ ಅಂದರೆ, ಆನ್ ಮಾಡಿದಾಗ ಸ್ವಲ್ಪ ತಂಪು ಬರುತ್ತದೆ. 18 ಡಿಗ್ರಿಗೆ ಇಟ್ಟು ಮಲಗುತ್ತೇವೆ. ಒಂದೆರಡು ಗಂಟೆ ಕಳೆದ ಮೇಲೆ ಗಾಳಿ ಬರುವುದೇ ನಿಂತ ಹಾಗಾಗುತ್ತದೆ. ಬೆಳಗ್ಗೆ ಆಫ್ ಮಾಡಿದ ಮೇಲೆ ಗೋಡೆಯ ಮೇಲೆ ನೀರು ಇಳಿಯುತ್ತದೆ. ಮೆಸ್ಕಾಂ ಕರೆಂಟ್ ಬಿಲ್ಲಂತೂ ಹಳೆ ಮನೆಗಿಂತ ತುಂಬಾ ಜಾಸ್ತಿ. ಆನ್ ಮಾಡಿದ ಕೂಡಲೇ ಒದ್ದೆ ಗೋಣಿಯಂಥ ವಾಸನೆ ಬೇರೆ. ನಮ್ಮ ಮಾವನಿಗೆ ಉಬ್ಬಸ ಇದೆ. ಆ ರೂಮಿನಲ್ಲಿ ಕೂತರೆ ಅವರಿಗೆ ಕೆಮ್ಮು ಶುರುವಾಗುತ್ತದೆ.

ಒಬ್ಬರು ರಿಪೇರಿಯವರು ಬಂದರು. ಹೊರಗಿನ ಯೂನಿಟ್‌ಗೆ ಗ್ಯಾಸಿನ ಪ್ರೆಶರ್ ನೋಡುವ ಮೀಟರ್ ಹಾಕಿ ನೋಡಿ, 'ಗ್ಯಾಸ್ ಕಡಿಮೆ ಇದೆ, ತುಂಬಿಸಬೇಕು, 3,500 ರೂಪಾಯಿ' ಅಂದರು. ಒಳಗಿನ ಯೂನಿಟ್‌ನ ಮುಚ್ಚಳ ತೆಗೆದೇ ನೋಡಲಿಲ್ಲ. ನನ್ನ ತಮ್ಮ ಹೇಳುತ್ತಾನೆ, ಮೊದಲು ಫಿಲ್ಟರ್ ತೊಳೆಯಿರಿ ಅಂತ. ಒಂದು ಪ್ಲಾಸ್ಟಿಕ್ ಬಲೆ ತೊಳೆದರೆ ಇಷ್ಟೆಲ್ಲ ಸರಿಯಾಗುತ್ತದಾ? ತಿಳಿದವರು ದಯವಿಟ್ಟು ಹೇಳಿ.

ಸುರತ್ಕಲ್ ಎಸಿ ಕೆಲಸ:

ಅಕ್ಕ, ಈಗಲೇ ಗ್ಯಾಸಿಗೆ ದುಡ್ಡು ಕೊಡಬೇಡಿ. ನಾನು ಈ ಕೆಲಸದಲ್ಲೇ ಇರುವವನು. ಸುರತ್ಕಲ್‌ನಿಂದ ಉಳ್ಳಾಲದವರೆಗೆ ಮನೆಮನೆಗೆ ಹೋಗುತ್ತೇನೆ. ನಿಮ್ಮ ತಮ್ಮ ಹೇಳಿದ್ದೇ ಸರಿ. ಯಾಕೆ ಅಂತ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಎಸಿ ಹೊರಗಿನಿಂದ ಗಾಳಿ ತರುವುದಿಲ್ಲ. ರೂಮಿನ ಗಾಳಿಯನ್ನೇ ಮೇಲಿನಿಂದ ಎಳೆದುಕೊಂಡು, ತಣ್ಣನೆಯ ಕಾಯಿಲ್ (ಗ್ಯಾಸ್ ಹರಿಯುವ ಪೈಪಿನ ಸುರುಳಿ) ದಾಟಿಸಿ, ಕೆಳಗಿನಿಂದ ಬಿಡುತ್ತದೆ. ಆ ಕಾಯಿಲ್‌ನ ಮುಂದೆ ಇರುವುದೇ ಫಿಲ್ಟರ್. ಅದರಲ್ಲಿ ಧೂಳು ಕೂತರೆ ಗಾಳಿ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಗಾಳಿ ಕಡಿಮೆಯಾದರೆ ಕಾಯಿಲ್‌ಗೆ ರೂಮಿನ ಬಿಸಿ ಸಿಗುವುದಿಲ್ಲ. ಆಗ ಅದು ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನಂಶ ಎಷ್ಟು ಅಂತ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ಅದು ಹನಿಯಾಗಿ ಟ್ರೇಗೆ ಬಿದ್ದು ಪೈಪಿನಲ್ಲಿ ಹೊರಗೆ ಹೋಗುತ್ತದೆ. ಸೊನ್ನೆಗಿಂತ ಕೆಳಗಿದ್ದರೆ ಅಲ್ಲೇ ಐಸ್ ಕಟ್ಟುತ್ತದೆ. ಐಸ್ ಕಟ್ಟಿದರೆ ಇದ್ದ ಸಂದೂ ಮುಚ್ಚುತ್ತದೆ. ನಿಮ್ಮಲ್ಲಿ ಗಂಟೆ ಕಳೆದ ಮೇಲೆ ಗಾಳಿ ನಿಲ್ಲುವುದು ಇದರಿಂದ ಇರಬೇಕು. ಬೆಳಗ್ಗೆ ಆಫ್ ಮಾಡಿದಾಗ ಆ ಐಸ್ ಒಟ್ಟಿಗೆ ಕರಗುತ್ತದೆ. ಟ್ರೇಯಲ್ಲಿ ಹಿಡಿಸದ ನೀರು ಗೋಡೆ ಮೇಲೆ ಬರುತ್ತದೆ.

ಬಿಲ್ಲು ಜಾಸ್ತಿ ಆಗುವುದಕ್ಕೂ ಇದೇ ಕಾರಣ. ರೂಮು ನೀವು ಇಟ್ಟ ಡಿಗ್ರಿಗೆ ಇಳಿಯುವುದೇ ಇಲ್ಲ. ಹೊರಗಿನ ಯೂನಿಟ್‌ನಲ್ಲಿ ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ವಿಶ್ರಾಂತಿ ಇಲ್ಲದೆ ಓಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಡ್ಡ ಹತ್ತಿದ ಹಾಗೆ. ತಂಪು ಸಾಲದು ಅಂತ 18ಕ್ಕೆ, 16ಕ್ಕೆ ಇಳಿಸಿದರೆ ಐಸ್ ಕಟ್ಟುವುದು ಇನ್ನೂ ಜಾಸ್ತಿ. 24ರಲ್ಲಿಡಿ. 2020ರ ಜನವರಿಯಿಂದ ಸ್ಟಾರ್ ಇರುವ ಹೊಸ ಎಸಿಗಳಿಗೆ 24 ಡಿಗ್ರಿಯನ್ನೇ ಆರಂಭದ ಸೆಟ್ಟಿಂಗ್ ಮಾಡಿ ಕೊಡಬೇಕು ಅಂತ ನಿಯಮವೇ ಇದೆ.

ಈಗ ಗ್ಯಾಸಿನ ವಿಷಯ. ಇದು ನನಗೆ ತುಂಬಾ ಬೇಸರ ತರುವ ವಿಷಯ. ಎಸಿಯ ಗ್ಯಾಸ್ ಅಡುಗೆ ಗ್ಯಾಸಿನಂತೆ ಉರಿದು ಖಾಲಿಯಾಗುವುದಲ್ಲ. ಮುಚ್ಚಿದ ಪೈಪಿನೊಳಗೆ ಅಲ್ಲೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಲೀಕ್ ಹುಡುಕದೆ ತುಂಬಿಸಿದರೆ ಮತ್ತೆ ಹೋಗುತ್ತದೆ. ಇನ್ನೊಂದು ಮಾತು, ಇದು ಮುಖ್ಯ: ಫಿಲ್ಟರ್ ಕಟ್ಟಿದ್ದರೂ ಮೀಟರಿನಲ್ಲಿ ಪ್ರೆಶರ್ ಕಡಿಮೆಯೇ ತೋರಿಸುತ್ತದೆ. ಅದನ್ನು ನೋಡಿ ಗ್ಯಾಸ್ ತುಂಬಿಸಿದರೆ, ಆಮೇಲೆ ಫಿಲ್ಟರ್ ತೊಳೆದಾಗ ಒಳಗೆ ಗ್ಯಾಸ್ ಜಾಸ್ತಿಯಾಗಿ ಕಂಪ್ರೆಸರಿಗೇ ಪೆಟ್ಟು. ಹಾಗಾಗಿ ಫಿಲ್ಟರ್, ಕಾಯಿಲ್ ಕ್ಲೀನ್ ಮಾಡದೆ ಮೀಟರ್ ಹಾಕಬಾರದು.

ನೀವೇ ಗುರುತಿಸುವ ದಾರಿ ಹೇಳುತ್ತೇನೆ. ಆನ್ ಮಾಡಿದಾಗಲೇ ಗಾಳಿ ಮೆಲ್ಲ ಬರುತ್ತಿದೆ, ಆದರೆ ಬರುವಷ್ಟು ತಣ್ಣಗಿದೆ ಅಂದರೆ ಫಿಲ್ಟರೋ ಕಾಯಿಲೋ ಕಟ್ಟಿದೆ. ಗಾಳಿ ಜೋರಾಗಿ ಬರುತ್ತಿದೆ, ತಂಪಿಲ್ಲ ಅಂದರೆ ಆಗ ಗ್ಯಾಸಿನ ಸಂಶಯ ಪಡಿ. ಸಮುದ್ರದ ಹತ್ತಿರದ ಮನೆಗಳಲ್ಲಿ ಉಪ್ಪು ಗಾಳಿಗೆ ಕಾಯಿಲ್ ತುಕ್ಕು ತಿಂದು ಲೀಕ್ ಆಗುವುದು ನಿಜವಾಗಿಯೂ ಉಂಟು. ಪಣಂಬೂರು, ತಣ್ಣೀರುಬಾವಿ ಕಡೆ ನಾನೇ ಎಷ್ಟೋ ನೋಡಿದ್ದೇನೆ. ಆದರೆ ಮೊದಲು ಖರ್ಚಿಲ್ಲದ ಕೆಲಸ ಮಾಡಿ.

ಸ್ವಿಚ್ ಅಲ್ಲ, ಕರೆಂಟ್ ಬೋರ್ಡಿನಲ್ಲಿ ಎಸಿಯ ಲೈನನ್ನೇ ಕಡಿಯುವ ಎಂಸಿಬಿಯನ್ನು ಆಫ್ ಮಾಡಿ. ಮುಂದಿನ ಮುಚ್ಚಳವನ್ನು ಎರಡೂ ಬದಿಯಿಂದ ಹಿಡಿದು ಮೇಲೆತ್ತಿ. ಸಾಮಾನ್ಯವಾಗಿ ಎರಡು ಬಲೆ ಇರುತ್ತವೆ. ಸ್ವಲ್ಪ ಮೇಲೆ ತಳ್ಳಿ ಕೆಳಗೆ ಎಳೆದರೆ ಬರುತ್ತವೆ. ನಳ್ಳಿ ನೀರು ಹಿಂಬದಿಯಿಂದ ಬೀಳಲಿ. ಧೂಳು ಕೂತ ಬದಿಯಿಂದ ನೀರು ಬಿಟ್ಟರೆ ಅದು ಬಲೆಯೊಳಗೇ ಸಿಕ್ಕಿಕೊಳ್ಳುತ್ತದೆ. ಜಿಡ್ಡಿದ್ದರೆ ಪಾತ್ರೆ ತೊಳೆಯುವ ಸೋಪಿನ ನೀರು, ಹಳೆ ಟೂತ್‌ಬ್ರಷ್ ಸಾಕು. ಕುದಿಯುವ ನೀರು ಬೇಡ, ಬಿಸಿಲಿಗೂ ಇಡಬೇಡಿ, ಬಲೆ ಸೊಟ್ಟಗಾಗುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಒಣಗುವ ತನಕ ಫಿಲ್ಟರ್ ಇಲ್ಲದೆ ಎಸಿ ಹಾಕಬೇಡಿ. ಒದ್ದೆ ಕಾಯಿಲ್‌ಗೆ ಧೂಳು ಅಂಟಿದರೆ ಕೆಸರಾಗುತ್ತದೆ, ಅದಕ್ಕೆ ಜೋರಾಗಿ ನೀರು ಹಾಯಿಸಿ ತೊಳೆಯುವ ಜೆಟ್ ವಾಶ್ ಬೇಕಾಗುತ್ತದೆ. ದಿನಾ ರಾತ್ರಿ ಎಸಿ ಹಾಕುವ ಸಮಯದಲ್ಲಿ ಎರಡು ವಾರಕ್ಕೊಮ್ಮೆ ತೊಳೆಯಿರಿ. ಪಕ್ಕದಲ್ಲಿ ರಸ್ತೆ ಕೆಲಸವೋ, ಕೆಂಪು ಕಲ್ಲು ಕೊಯ್ಯುವುದೋ ಇದ್ದರೆ ವಾರಕ್ಕೊಮ್ಮೆ.

ಅಂಬಲಪಾಡಿಯ ಅಮ್ಮ:

ಉಬ್ಬಸದ ವಿಷಯಕ್ಕೆ ನಾನು ಹೇಳುತ್ತೇನೆ. ನನ್ನ ಮಗನಿಗೆ ಆಸ್ತಮಾ ಇದೆ, ಹಾಗಾಗಿ ಇದನ್ನೆಲ್ಲ ಕೇಳಿ ತಿಳಿದುಕೊಂಡಿದ್ದೇನೆ. ಆ ಬಲೆ ಕೂದಲು, ನೂಲು, ಕಣ್ಣಿಗೆ ಕಾಣುವ ಧೂಳು ಇಷ್ಟನ್ನೇ ಹಿಡಿಯುತ್ತದೆ. ಹೊಗೆ, ಸಣ್ಣ ಧೂಳು, ರೋಗಾಣು ಎಲ್ಲ ದಾಟಿ ಹೋಗುತ್ತವೆ. ಆದರೆ ಕಟ್ಟಿದ ಫಿಲ್ಟರಿನ ಹಿಂದೆ ಕತ್ತಲೆ, ತೇವ, ಧೂಳು ಮೂರೂ ಇರುತ್ತವೆ. ಬೂಷ್ಟು ಬೆಳೆಯಲು ಅಷ್ಟು ಸಾಕು. ನೀವು ಹೇಳಿದ ಒದ್ದೆ ಗೋಣಿ ವಾಸನೆ ಅದೇ ಇರಬಹುದು. ಉಬ್ಬಸ ಇರುವವರಿಗೆ ಆ ಗಾಳಿ ಆಗುವುದಿಲ್ಲ.

ಹಾಗಂತ ಎಸಿಯೇ ಬೇಡ ಅನ್ನಬೇಡಿ. ನಮ್ಮ ಉಡುಪಿ, ಮಂಗಳೂರಿನ ತೇವದಲ್ಲಿ ಹಾಸಿಗೆಯ ಧೂಳುಹುಳ ಚೆನ್ನಾಗಿ ಬೆಳೆಯುತ್ತದೆ. ಶುಚಿಯಾದ ಎಸಿ ರೂಮಿನ ತೇವ ತೆಗೆಯುತ್ತದೆ, ಅದರಿಂದ ಉಪಕಾರವೇ. ಮಲಗುವ ಮುಂಚೆ ಒಂದಷ್ಟು ಹೊತ್ತು ಕಿಟಕಿ ತೆರೆದಿಡಿ, ಹೊಸ ಗಾಳಿ ಬರಲಿ. ಫಿಲ್ಟರ್ ತೆಗೆಯುವಾಗ ಮಾವ ಬೇರೆ ರೂಮಿನಲ್ಲಿರಲಿ. ನೀವೂ ಮಾಸ್ಕ್ ಹಾಕಿಕೊಳ್ಳಿ. ಕೆಮ್ಮು ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು, ಎಸಿ ಸರಿಯಾಯಿತು ಅಂತ ಬಿಡಬೇಡಿ.

ಸಂತೆಕಟ್ಟೆಯಿಂದ ಟೊರೊಂಟೊ:

ನಾನು ಈಗ ಟೊರೊಂಟೊದಲ್ಲಿದ್ದೇನೆ. ಇಲ್ಲಿ ಕತೆ ಬೇರೆ. ಮನೆಯ ಬುಡದಲ್ಲಿ ಒಂದು ಫರ್ನೇಸ್ ಇರುತ್ತದೆ. ಚಳಿಗಾಲದಲ್ಲಿ ಬಿಸಿ ಗಾಳಿ, ಬೇಸಿಗೆಯಲ್ಲಿ ತಣ್ಣನೆ ಗಾಳಿ, ಎರಡೂ ಒಂದೇ ಕೊಳವೆಯಲ್ಲಿ ಎಲ್ಲ ರೂಮಿಗೂ ಹೋಗುತ್ತದೆ. ಫಿಲ್ಟರ್ ರಟ್ಟಿನ ಚೌಕಟ್ಟಿನದ್ದು, ಮಡಿಕೆ ಮಡಿಕೆಯಾಗಿರುತ್ತದೆ. ತೊಳೆಯುವಂತಿಲ್ಲ. ಒಂದರಿಂದ ಮೂರು ತಿಂಗಳಿಗೆ ಎಸೆದು ಹೊಸದು ಹಾಕಬೇಕು. ಅದರ ಮೇಲೆ ಬಾಣದ ಗುರುತು ಇರುತ್ತದೆ, ಗಾಳಿ ಹೋಗುವ ದಿಕ್ಕಿಗೇ ಹಾಕಬೇಕು.

ಮರ್ವ್ ಅಂತ ನಂಬರ್ ಇದೆ, 8, 11, 13 ಹೀಗೆ. ನಂಬರ್ ಹೆಚ್ಚಾದಂತೆ ಸಣ್ಣ ಧೂಳೂ ನಿಲ್ಲುತ್ತದೆ. 2023ರ ಜೂನಿನಲ್ಲಿ ಕಾಡ್ಗಿಚ್ಚಿನ ಹೊಗೆ ಇಲ್ಲಿಗೆ ಬಂದಾಗ ನಾವು 13 ಹಾಕಿದೆವು. ಆದರೆ ಹಳೆ ಮೆಷಿನ್ನಿಗೆ ತುಂಬಾ ದಟ್ಟ ಫಿಲ್ಟರ್ ಹಾಕಿದರೂ ಗಾಳಿ ಕಟ್ಟುತ್ತದೆ. ಚಳಿಗಾಲದಲ್ಲಿ ಗಾಳಿ ಕಟ್ಟಿದರೆ ಫರ್ನೇಸ್ ಒಳಗೇ ಕಾದು, ರಕ್ಷಣೆಗೆ ಇಟ್ಟ ಸ್ವಿಚ್ ಅದನ್ನು ನಿಲ್ಲಿಸುತ್ತದೆ. ಹೊರಗೆ ಹಿಮ ಇರುವಾಗ ಮನೆ ತಣ್ಣಗಾದರೆ ಎಷ್ಟು ಭಯ ಆಗುತ್ತದೆ ಗೊತ್ತಾ? ಬಿಲ್ಲಿನ ವಿಷಯಕ್ಕೆ ಒಂದು ಲೆಕ್ಕ: ಕಟ್ಟಿದ ಫಿಲ್ಟರ್ ಬದಲಾಯಿಸಿದರೆ ಎಸಿಯ ವಿದ್ಯುತ್ ಶೇ. 5ರಿಂದ 15ರಷ್ಟು ಉಳಿಯಬಹುದು ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ.

ಬಿಜೈ ಬಾಡಿಗೆ ಮನೆ:

ತುಂಬಾ ಉಪಕಾರ ಆಯಿತು. ನಿನ್ನೆ ತೆಗೆದು ತೊಳೆದೆ. ಬಲೆಯ ಮೇಲೆ ಕಂಬಳಿಯಷ್ಟು ದಪ್ಪ ಧೂಳು, ಬಾತ್‌ರೂಮಿನಲ್ಲಿ ಕೆಂಪು ನೀರು ಹರಿಯಿತು. ಗಾಳಿ ಈಗ ಮಂಚದ ಆಚೆ ತುದಿಯವರೆಗೂ ಬರುತ್ತಿದೆ. 24ರಲ್ಲೇ ರಾತ್ರಿ ಇಡೀ ಚೆನ್ನಾಗಿ ತಂಪಿತ್ತು, ಬೆಳಗ್ಗೆ ಗೋಡೆಯೂ ಒಣಗಿತ್ತು. ವಾಸನೆ ಮಾತ್ರ ಸ್ವಲ್ಪ ಉಳಿದಿದೆ. ಬಲೆಯ ಮೇಲೆ ಒಂದು ಸಣ್ಣ ಕಪ್ಪು ಪಟ್ಟಿಯೂ ಇತ್ತು, ಅದನ್ನು ತೊಳೆಯಬಹುದಾ ಗೊತ್ತಾಗದೆ ಹಾಗೇ ಬಿಟ್ಟೆ. ಮಳೆಗಾಲದಲ್ಲಿ ಏನು ಮಾಡುವುದು?

ಸುರತ್ಕಲ್ ಎಸಿ ಕೆಲಸ:

ಒಳ್ಳೆಯದಾಯಿತು ಅಕ್ಕ. ಆ ಕಪ್ಪು ಪಟ್ಟಿ ಇದ್ದಿಲಿನ ಫಿಲ್ಟರ್ ಇರಬೇಕು. ಅದಕ್ಕೆ ನೀರು ತಾಗಿಸಬೇಡಿ. ಹಳೆಯದಾದರೆ ಹೊಸದು ಹಾಕಬೇಕು. ಅದಿಲ್ಲದಿದ್ದರೂ ಎಸಿ ಓಡುತ್ತದೆ.

ವಾಸನೆ ಬ್ಲೋವರಿನಲ್ಲಿದೆ. ಗಾಳಿ ಬರುವ ಬಾಯಿಗೆ ಟಾರ್ಚ್ ಬಿಟ್ಟು ನೋಡಿ, ಉರುಟು ಫ್ಯಾನಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಅದೇ ಬೂಷ್ಟು. ಅದು ನೀವು ಮಾಡುವ ಕೆಲಸ ಅಲ್ಲ. ಒಂದು ಸಲ ವಾಟರ್ ಸರ್ವಿಸ್ ಮಾಡಿಸಿ. ಕಾಯಿಲ್, ಬ್ಲೋವರ್, ಟ್ರೇ, ಡ್ರೈನ್ ಪೈಪ್ ನಾಲ್ಕೂ ತೊಳೆಯಬೇಕು ಅಂತ ಮೊದಲೇ ಹೇಳಿ. ಬಂದವರು ಬರೀ ಫಿಲ್ಟರ್ ಕೊಡವಿ ಹೋದರೆ ದುಡ್ಡು ಕೊಡಬೇಡಿ. ಎಸಿ ನಿಮ್ಮದಲ್ಲವಾದ್ದರಿಂದ ಮಾಲೀಕರಿಗೂ ಒಂದು ಮಾತು ತಿಳಿಸಿ.

ಮಳೆಗಾಲದಲ್ಲಿ ಎಸಿ ಹಾಕುವುದು ಕಡಿಮೆ, ಆದರೆ ಬೂಷ್ಟು ಬೆಳೆಯುವುದು ಆಗಲೇ. ಜೂನ್ ಶುರುವಿಗೆ ಒಮ್ಮೆ ತೊಳೆದು, ಫ್ಯಾನಿನಡಿ ಒಂದು ರಾತ್ರಿ ಬಿಟ್ಟು ಒಣಗಿಸಿ ಹಾಕಿ. ಆಮೇಲೆ ಎಸಿ ಹಾಕಿದ ದಿನವೆಲ್ಲ ಆಫ್ ಮಾಡುವ ಮೊದಲು ರಿಮೋಟಿನಲ್ಲಿ ಫ್ಯಾನ್ ಮೋಡ್ ಒತ್ತಿ, ಕಾಲು ಗಂಟೆ ಓಡಲಿ. ಒಳಗಿನ ತೇವ ಆರುತ್ತದೆ. ಡ್ರೈನ್ ಪೈಪಿನ ತುದಿ ಬಾಲ್ಕನಿಯ ಬಕೆಟ್ಟಿನಲ್ಲಿ ಮುಳುಗಿದ್ದರೆ ಮೇಲೆತ್ತಿ ಕಟ್ಟಿ, ಇಲ್ಲದಿದ್ದರೆ ನೀರು ಸರಿಯಾಗಿ ಇಳಿಯದೆ ಮತ್ತೆ ಗೋಡೆಗೇ ಬರುತ್ತದೆ.