ಕಂಪ್ಯೂಟರಿನೆದುರು ಆಡುವ ಗ್ರ್ಯಾಂಡ್‌ಮಾಸ್ಟರ್‌ಗೆ ಹಣ ಯಾತಕ್ಕೆ? – ಚೆಸ್ ತರಬೇತುದಾರರಿಗೆ ಪ್ರಶ್ನೆ

ಪ್ರಶ್ನೆ: ಸರ್, 1997ರಲ್ಲಿ ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ ಎದುರು ಸೋತ ಗ್ಯಾರಿ ಕಾಸ್ಪರೋವ್ ಅವರಿಗೂ ದೊಡ್ಡ ಮೊತ್ತ ಸಂದಾಯವಾಯಿತೆಂದು ಓದಿದೆ. ಸೋತವರಿಗೆ ಅಷ್ಟೊಂದು ಹಣ ಏಕೆ? ಹಣ ಖಾತರಿಯಾಗಿದ್ದರೆ ಆಟಗಾರರು ಮನಸ್ಸಿಟ್ಟು ಆಡುತ್ತಾರೆಯೇ?

ಉತ್ತರ: 1996ರಲ್ಲಿ ಫಿಲಡೆಲ್ಫಿಯಾದಲ್ಲಿ ಡೀಪ್ ಬ್ಲೂವನ್ನು 4–2ರಿಂದ ಗೆದ್ದಾಗ ಕಾಸ್ಪರೋವ್ ಅವರಿಗೆ ಸಿಕ್ಕಿದ್ದು 4 ಲಕ್ಷ ಡಾಲರ್, ಮರುವರ್ಷ ನ್ಯೂಯಾರ್ಕಿನಲ್ಲಿ 2½–3½ರಿಂದ ಸೋತಾಗಲೂ ಸಿಕ್ಕಿದ್ದು 4 ಲಕ್ಷವೇ. ವಿಜೇತರ ಪಾಲಿನ 7 ಲಕ್ಷ ಐಬಿಎಂ ಕಡೆಗೇ ಹೋಯಿತು. ವಿಶ್ವ ಚಾಂಪಿಯನ್ನರು ಎದುರಿಗೆ ಕೂರದಿದ್ದರೆ ಆ ಯಂತ್ರದ ಗೆಲುವಿಗೆ ಬೆಲೆಯೇ ಇರುತ್ತಿರಲಿಲ್ಲವಾದ್ದರಿಂದ, ಪ್ರಾಯೋಜಕರು ಕೊಟ್ಟದ್ದು ಆಟಕ್ಕಿಂತ ಹೆಚ್ಚಾಗಿ ಆ ಹೆಸರಿಗೆ, ಮತ್ತು ಸೋತರೆ ಆ ಹೆಸರಿಗೆ ತಗಲಬಹುದಾದ ಪೆಟ್ಟಿಗೆ.

ಮನಸ್ಸಿಟ್ಟು ಆಡುತ್ತಾರೆಯೇ ಎಂಬುದಕ್ಕೆ 2002ರ ಬಹ್ರೇನ್ ಪಂದ್ಯ ಒಳ್ಳೆಯ ಉದಾಹರಣೆ. ಅಲ್ಲಿ ಡೀಪ್ ಫ್ರಿಟ್ಜ್ ಎಂಬ ಚೆಸ್ ತಂತ್ರಾಂಶದ ಎದುರು ವ್ಲಾದಿಮಿರ್ ಕ್ರಾಮ್ನಿಕ್ ಅವರಿಗೆ ಗೆದ್ದರೆ 10 ಲಕ್ಷ, ಸಮವಾದರೆ 8 ಲಕ್ಷ, ಸೋತರೆ 6 ಲಕ್ಷ ಡಾಲರ್ ಎಂದು ಗೊತ್ತುಮಾಡಲಾಗಿತ್ತು. ನಾಲ್ಕು ಆಟಗಳ ಬಳಿಕ 3–1ರಿಂದ ಮುಂದಿದ್ದ ಅವರು, ಹಣವೊಂದನ್ನೇ ಎಣಿಸುವವರಾಗಿದ್ದರೆ ಉಳಿದವನ್ನು ಡ್ರಾ ಮಾಡಿಕೊಳ್ಳಲು ನೋಡುತ್ತಿದ್ದರು. ಐದನೆಯದನ್ನು ಒಂದು ದೊಡ್ಡ ತಪ್ಪು ನಡೆಯಿಂದ ಕಳೆದುಕೊಂಡ ಮೇಲೂ ಆರನೆಯದರಲ್ಲಿ ಕುದುರೆಯನ್ನು ಬಲಿಕೊಟ್ಟು ದಾಳಿಗಿಳಿದು, ಅದನ್ನೂ ಸೋತರು. ಪಂದ್ಯ 4–4ರಲ್ಲಿ ಸಮವಾಯಿತು. ಖಾತರಿಯ ಹಣ ಆಟಗಾರರನ್ನು ಸೋಮಾರಿಯಾಗಿಸುತ್ತದೆ ಎಂಬ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಖಾತರಿಯಿಲ್ಲದ ಒಪ್ಪಂದವೂ ಇತ್ತು. 2005ರಲ್ಲಿ ಲಂಡನ್ನಿನಲ್ಲಿ ಹೈಡ್ರಾ ಎದುರು ಆಡಿದ ಮೈಕಲ್ ಆಡಮ್ಸ್ ಅವರಿಗೆ ಪ್ರತಿ ಗೆಲುವಿಗೆ 25 ಸಾವಿರ, ಪ್ರತಿ ಡ್ರಾಗೆ 10 ಸಾವಿರ ಡಾಲರ್ ಎಂಬ ಲೆಕ್ಕ. ಆರು ಆಟಗಳಲ್ಲಿ ಒಂದನ್ನು ಮಾತ್ರ ಡ್ರಾ ಮಾಡಿಕೊಂಡರು, ಉಳಿದ ಐದನ್ನೂ ಸೋತರು.

ಹಣದಷ್ಟೇ ಎಚ್ಚರದಿಂದ ಓದಬೇಕಾದದ್ದು ಉಳಿದ ಷರತ್ತುಗಳನ್ನು. ಬಹ್ರೇನಿಗೆ ಮೊದಲು ಕ್ರಾಮ್ನಿಕ್ ಅವರಿಗೆ ಅಭ್ಯಾಸಕ್ಕಾಗಿ ಆ ತಂತ್ರಾಂಶವೇ ಸಿಕ್ಕಿತ್ತು. 1997ರಲ್ಲಿ ಕಾಸ್ಪರೋವ್ ಅವರಿಗೆ ಎದುರಾಳಿಯ ಹಿಂದಿನ ಆಟಗಳೂ ಸಿಕ್ಕಿರಲಿಲ್ಲ. ಸಮಯದ ಮಿತಿಯೂ ಹಾಗೆಯೇ: 1998ರಲ್ಲಿ ರೆಬೆಲ್ ಎದುರು ನಮ್ಮ ವಿಶ್ವನಾಥನ್ ಆನಂದ್ ಒಟ್ಟಾರೆ 3–5ರಿಂದ ಸೋತರೂ, ದೀರ್ಘಾವಧಿಯ ಎರಡು ಆಟಗಳಲ್ಲಿ 1½–½ರಿಂದ ಮೇಲುಗೈ ಪಡೆದಿದ್ದರು.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ಹಾಗಾದರೆ ಈಗ ಅಂತಹ ಪಂದ್ಯಗಳಿಗೆ ಯಾರೂ ಹಣ ಹಾಕುತ್ತಿಲ್ಲವೇಕೆ?

ಉತ್ತರ: ಫಲಿತಾಂಶ ಮೊದಲೇ ಗೊತ್ತಿರುವುದರಿಂದ. 2006ರಲ್ಲಿ ಬಾನ್ ನಗರದಲ್ಲಿ ಕ್ರಾಮ್ನಿಕ್ ಅವರಿಗೆ 5 ಲಕ್ಷ ಡಾಲರ್ ಖಾತರಿಯಿತ್ತು, ಗೆದ್ದರೆ ಇನ್ನೂ 5 ಲಕ್ಷ. ಎರಡನೆಯ ಆಟದಲ್ಲಿ ಒಂದೇ ನಡೆಯ ಚೆಕ್‌ಮೇಟನ್ನು ಗಮನಿಸದೆ, ಕೊನೆಗೆ 2–4ರಿಂದ ಸೋತರು. ಅಲ್ಲಿಂದಾಚೆ ಸಮಬಲದ ಪೈಪೋಟಿ ಎಂದು ಮಾರಲು ಏನೂ ಉಳಿಯಲಿಲ್ಲ. ಈಗ ಆಟಗಾರರನ್ನು ಕರೆಸುವುದು ಯಂತ್ರವು ಕಾಲಾಳನ್ನೋ ಕುದುರೆಯನ್ನೋ ಬಿಟ್ಟುಕೊಟ್ಟು ಆಡುವ ಪಂದ್ಯಗಳಿಗೆ. 2016ರಲ್ಲಿ ಹಿಕಾರು ನಕಾಮುರಾ ಅಂತಹ ರಿಯಾಯಿತಿಗಳೊಂದಿಗೇ ಕೊಮೊಡೊ ಎದುರು ಮೂರು ಆಟಗಳನ್ನು ಡ್ರಾ ಮಾಡಿಕೊಂಡು ನಾಲ್ಕನೆಯದನ್ನು ಸೋತರು.

ಯಂತ್ರದ ಪಕ್ಷದಲ್ಲಿ ದುಡಿದ ಆಟಗಾರರೂ ಇದ್ದರು. ಡೀಪ್ ಬ್ಲೂಗೆ ಆರಂಭದ ನಡೆಗಳನ್ನು ಸಿದ್ಧಪಡಿಸಲು ಐಬಿಎಂ ನೇಮಿಸಿಕೊಂಡಿದ್ದ ಜೋಯೆಲ್ ಬೆಂಜಮಿನ್ ಸ್ವತಃ ಗ್ರ್ಯಾಂಡ್‌ಮಾಸ್ಟರ್. ಆದರೆ ಪತ್ರಿಕೆಗಳ ಚಿತ್ರಗಳಲ್ಲಿ ಜನ ನೋಡಿದ್ದು ಕಾಸ್ಪರೋವ್ ಅವರ ಮುಖವನ್ನು.